ಫ್ರೀಆರ್‌ಟಿಒಎಸ್ ಬೂಟ್ ಆಗದಿದ್ದಾಗ: ಕರ್ನಲ್ ನಿಂತ ಜಾಗವನ್ನು ಪತ್ತೆ ಹಚ್ಚುವ ಕ್ರಮ

ಬೋರ್ಡಿಗೆ ವಿದ್ಯುತ್ ಕೊಟ್ಟ ಮೇಲೂ ಎಲ್‌ಇಡಿ ಮಿನುಗುವುದಿಲ್ಲ, ಸೀರಿಯಲ್ ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಕೋಡ್ ಮಾತ್ರ ಒಂದೂ ಎಚ್ಚರಿಕೆಯಿಲ್ಲದೆ ಕಂಪೈಲ್ ಆಗಿರುತ್ತದೆ. ಗಡುವಿನೊಳಗೆ ಕೆಲಸ ಮುಗಿಸಲೇಬೇಕಾದ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂಗಳೊಂದಿಗೆ (ಆರ್‌ಟಿಒಎಸ್) ಕೆಲಸ ಮಾಡುವವರು ಎಂದಾದರೊಂದು ದಿನ ಈ ಸ್ಥಿತಿಯನ್ನು ಎದುರಿಸಲೇಬೇಕಾಗುತ್ತದೆ. ಆಗ ಹೆಚ್ಚಿನವರು ತಕ್ಷಣ ಕೋಡಿಗೆ ಕೈಹಾಕುತ್ತಾರೆ: ಸ್ಟ್ಯಾಕ್ (ಫಂಕ್ಷನ್ನುಗಳು ತಾತ್ಕಾಲಿಕ ಬೆಲೆಗಳನ್ನಿಡುವ ಮೆಮೊರಿ) ಹೆಚ್ಚಿಸಿ ನೋಡುತ್ತಾರೆ, ಒಂದು ಟಾಸ್ಕನ್ನು ತೆಗೆದು ನೋಡುತ್ತಾರೆ, ಆಪ್ಟಿಮೈಸೇಷನ್ ಕಡಿಮೆ ಮಾಡಿ ನೋಡುತ್ತಾರೆ. ಇವುಗಳಲ್ಲಿ ಯಾವುದೋ ಒಂದರಿಂದ ಬೋರ್ಡ್ ಎದ್ದು ಕುಳಿತರೂ ಮೂಲ ದೋಷ ಅಲ್ಲೇ ಉಳಿದು, ಕೆಲವು ವಾರಗಳ ನಂತರ ಬೇರೊಂದು ವೇಷದಲ್ಲಿ ಮರಳಿ ಬರುತ್ತದೆ. ಬೂಟ್ ಆಗದ ಬೋರ್ಡಿನಲ್ಲಿ ಪ್ರೊಸೆಸರ್ ಎಲ್ಲೋ ಒಂದು ಕಡೆ ನಿಂತಿರುತ್ತದೆ, ಇಲ್ಲವೇ ಒಂದೇ ಜಾಗದಲ್ಲಿ ಸುತ್ತುತ್ತಿರುತ್ತದೆ. ಆ ಜಾಗದ ವಿಳಾಸ ಕೈಗೆ ಸಿಗುವವರೆಗೆ ಕೋಡಿನ ಒಂದು ಸಾಲನ್ನೂ ಬದಲಿಸಬಾರದು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಉದಾಹರಣೆಗೆ ಎಸ್‌ಟಿಎಂ32ಎಫ್407 ಚಿಪ್ಪಿನ ಮೇಲೆ ನಡೆಯುವ ಫ್ರೀಆರ್‌ಟಿಒಎಸ್ ಕರ್ನಲನ್ನು, ಅಂದರೆ ಟಾಸ್ಕುಗಳೆಂಬ ಕೆಲಸಗಳನ್ನು ಸರದಿಯಂತೆ ನಡೆಸುವ ತಿರುಳು ಭಾಗವನ್ನು, ತೆಗೆದುಕೊಂಡಿದ್ದೇನೆ. ರಿಚರ್ಡ್ ಬ್ಯಾರಿ 2003ರ ಸುಮಾರಿಗೆ ಬರೆಯಲಾರಂಭಿಸಿದ ಈ ಕರ್ನಲ್‌ನ ಹೊಣೆಯನ್ನು 2017ರಲ್ಲಿ ಅಮೆಜಾನ್ ವಹಿಸಿಕೊಂಡಿತು. ಇದರ ಮೂಲ ಕೋಡ್ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಲಭ್ಯವಿರುವುದರಿಂದ, ಅನುಮಾನ ಬಂದಾಗ ಕರ್ನಲ್‌ನ ಒಳಗೇ ಇಣುಕಿ ನೋಡಬಹುದು. ಚಿಪ್ಪಿನಲ್ಲಿರುವುದು ಕಾರ್ಟೆಕ್ಸ್-ಎಂ4 ಪ್ರೊಸೆಸರ್, ಅದರ ಗರಿಷ್ಠ ವೇಗ 168 ಮೆಗಾಹರ್ಟ್ಸ್. ಇತರ ಕಾರ್ಟೆಕ್ಸ್-ಎಂ3 ಮತ್ತು ಎಂ4 ಚಿಪ್ಪುಗಳಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ, ಫ್ಲ್ಯಾಶ್ ಮತ್ತು ರ‍್ಯಾಮ್ ವಿಳಾಸಗಳಷ್ಟೇ ಬದಲಾಗುತ್ತವೆ. ಫಂಕ್ಷನ್ ಮತ್ತು ರಿಜಿಸ್ಟರುಗಳ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವಂತೆಯೇ ಬರೆದಿದ್ದೇನೆ. ವಿಳಾಸಗಳೂ ರಿಜಿಸ್ಟರ್ ಬೆಲೆಗಳೂ ಹೆಕ್ಸಾಡೆಸಿಮಲ್‌ನಲ್ಲಿವೆ.

ಮೊದಲು ನಿಲ್ಲಿಸಿ ನೋಡಿ, ರೀಸೆಟ್ ಮಾಡಬೇಡಿ

ಡೀಬಗರನ್ನು ಜೋಡಿಸುವ ವಿಧಾನದಲ್ಲೇ ಮೊದಲ ತಪ್ಪು ನಡೆಯುತ್ತದೆ. ಸಾಮಾನ್ಯವಾಗಿ ಐಡಿಇಯಲ್ಲಿ ಡೀಬಗ್ ಗುಂಡಿ ಒತ್ತಿದರೆ ಅದು ಚಿಪ್ಪನ್ನು ರೀಸೆಟ್ ಮಾಡಿ, ಕೋಡನ್ನು ಮತ್ತೆ ಫ್ಲ್ಯಾಶಿಗೆ ಬರೆದು, ಮೇನ್ ಫಂಕ್ಷನ್ನಿನ ಬಾಗಿಲಲ್ಲಿ ತಂದು ನಿಲ್ಲಿಸುತ್ತದೆ. ಅಷ್ಟರಲ್ಲಿ ನಮಗೆ ಬೇಕಾಗಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗಿರುತ್ತದೆ. ಬದಲಾಗಿ, ಬೋರ್ಡ್ ಕೆಟ್ಟು ನಿಂತಿರುವ ಸ್ಥಿತಿಯಲ್ಲಿಯೇ ಎಸ್‌ಟಿ-ಲಿಂಕ್ ಎಂಬ ಡೀಬಗರ್ ಸಾಧನವನ್ನು ಜೋಡಿಸಿ, ಅದರೊಡನೆ ಮಾತಾಡುವ ಓಪನ್‌ಒಸಿಡಿ ತಂತ್ರಾಂಶವನ್ನು ರೀಸೆಟ್ ಇಲ್ಲದೆ ಆರಂಭಿಸಿ, ಜಿಡಿಬಿ ಎಂಬ ಡೀಬಗ್ ತಂತ್ರಾಂಶದಿಂದ ಹಾಲ್ಟ್ ಆದೇಶವನ್ನು ಮಾತ್ರ ಕೊಡಬೇಕು. ನಂತರ ಪಿಸಿ (ಈಗ ನಡೆಯುತ್ತಿರುವ ಸೂಚನೆಯ ವಿಳಾಸ), ಎಲ್‌ಆರ್ (ಹಿಂತಿರುಗಬೇಕಾದ ವಿಳಾಸ), ಎಂಎಸ್‌ಪಿ (ಮುಖ್ಯ ಸ್ಟ್ಯಾಕಿನ ತುದಿ), ಪಿಎಸ್‌ಪಿ (ಟಾಸ್ಕಿನ ಸ್ಟ್ಯಾಕಿನ ತುದಿ), ಎಕ್ಸ್‌ಪಿಎಸ್‌ಆರ್ (ಪ್ರೊಸೆಸರಿನ ಸ್ಥಿತಿ) ಮತ್ತು ಬೇಸ್‌ಪ್ರೈ (ಯಾವ ಮಟ್ಟದ ಇಂಟರಪ್ಟ್‌ಗಳನ್ನು ತಡೆದಿದೆ) ಎಂಬ ಆರು ರಿಜಿಸ್ಟರುಗಳ ಬೆಲೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಹಾಳೆಯಲ್ಲಿ ಬರೆಯುವುದು ಹಳೆಯ ಕಾಲದ ಅಭ್ಯಾಸದಂತೆ ಕಾಣಬಹುದು, ಆದರೆ ಹತ್ತನೆಯ ಸಲ ರೀಸೆಟ್ ಮಾಡಿದ ಮೇಲೆ ಮೂರನೆಯ ಸಲ ಏನು ಕಂಡಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಎಕ್ಸ್‌ಪಿಎಸ್‌ಆರ್‌ನ ಕೆಳಗಿನ ಒಂಬತ್ತು ಬಿಟ್‌ಗಳನ್ನು ಮೊದಲು ಓದಿ. ದಶಮಾನದಲ್ಲಿ ಅದು 0 ಆಗಿದ್ದರೆ ಪ್ರೊಸೆಸರ್ ಸಾಮಾನ್ಯ ಕೋಡಿನಲ್ಲಿದೆ. 3 ಆಗಿದ್ದರೆ ಹಾರ್ಡ್‌ಫಾಲ್ಟ್ (ಮುಂದುವರಿಯಲಾಗದ ತಪ್ಪು), 11 ಆಗಿದ್ದರೆ ಎಸ್‌ವಿಸಿ (ಕೋಡೇ ಮಾಡಿದ ಕರ್ನಲ್ ಕರೆ), 14 ಆಗಿದ್ದರೆ ಪೆಂಡ್‌ಎಸ್‌ವಿ (ಟಾಸ್ಕ್ ಬದಲಿಸುವ ಕರೆ), 15 ಆಗಿದ್ದರೆ ಸಿಸ್‌ಟಿಕ್ (ನಿಯತವಾಗಿ ಟಿಕ್ ಕೊಡುವ ಟೈಮರ್), 16 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯಾವುದೋ ಪೆರಿಫೆರಲ್‌ನ ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೋಡನ್ನು ನಡುವೆ ತಡೆಯುವ ಹಾರ್ಡ್‌ವೇರ್ ಕರೆ. ಪಿಸಿಯಲ್ಲಿರುವ ವಿಳಾಸ ಯಾವ ಫಂಕ್ಷನ್ನಿಗೆ ಸೇರಿದ್ದು ಎಂಬುದನ್ನು ಜಿಡಿಬಿ ಹೇಳುತ್ತದೆ. ಈ ಎರಡೇ ಸಂಗತಿಗಳಿಂದ ಹುಡುಕಾಟದ ಕ್ಷೇತ್ರ ಬಹಳಷ್ಟು ಕಿರಿದಾಗುತ್ತದೆ. ಇಲ್ಲಿ ಒಂದು ಸಾಧ್ಯತೆಯನ್ನು ಮರೆಯಬಾರದು: ಪಿಸಿ ಐಡಲ್ ಟಾಸ್ಕಿನೊಳಗೆ (ಬೇರೆ ಕೆಲಸವಿಲ್ಲದಾಗ ಕರ್ನಲ್ ಓಡಿಸುವ ಟಾಸ್ಕ್) ಕಂಡುಬಂದರೆ ಕರ್ನಲ್ ಸರಿಯಾಗಿಯೇ ಬೂಟ್ ಆಗಿದೆ. ಆಗ ದೋಷ ಇರುವುದು ಸೀರಿಯಲ್ ಪೋರ್ಟಿನ ವೇಗದಲ್ಲೋ, ಎಂದಿಗೂ ಬಾರದ ಸಂದೇಶಕ್ಕಾಗಿ ಕಾಯುತ್ತಿರುವ ನಿಮ್ಮದೇ ಟಾಸ್ಕಿನಲ್ಲೋ. ಬೂಟ್ ಆಗುತ್ತಿಲ್ಲ ಎಂಬ ದೂರಿನೊಂದಿಗೆ ನನ್ನ ಮೇಜಿಗೆ ಬಂದ ಬೋರ್ಡುಗಳಲ್ಲಿ ಇಂಥವೂ ಹಲವಿದ್ದವು.

ಮೇನ್ ತಲುಪುವ ಮೊದಲು

ರೀಸೆಟ್ ಆದ ಕೂಡಲೇ ಕಾರ್ಟೆಕ್ಸ್-ಎಂ4 ಮಾಡುವುದು ಎರಡೇ ಓದು. ವೆಕ್ಟರ್ ಟೇಬಲ್‌ನ (ಹ್ಯಾಂಡ್ಲರ್ ಫಂಕ್ಷನ್ನುಗಳ ವಿಳಾಸಗಳ ಪಟ್ಟಿ) ಮೊದಲ ವರ್ಡನ್ನು (ನಾಲ್ಕು ಬೈಟ್) ಎಂಎಸ್‌ಪಿಗೆ ತುಂಬುತ್ತದೆ, ಎರಡನೆಯ ವರ್ಡನ್ನು ರೀಸೆಟ್ ಹ್ಯಾಂಡ್ಲರಿನ ವಿಳಾಸವೆಂದು ತಿಳಿದು ಅಲ್ಲಿಗೆ ಜಿಗಿಯುತ್ತದೆ. ಆದ್ದರಿಂದ ನೀವೂ 08000000 ವಿಳಾಸದಿಂದ ಎರಡು ವರ್ಡುಗಳನ್ನು ಓದಿ ನೋಡಿ. ಮೊದಲನೆಯದು 20020000ರಂತೆ ರ‍್ಯಾಮಿನ ತುದಿಯನ್ನು ಸೂಚಿಸಬೇಕು. ಎರಡನೆಯದು 080ರಿಂದ ಆರಂಭವಾಗುವ ಬೆಸ ಸಂಖ್ಯೆಯಾಗಿರಬೇಕು, ಏಕೆಂದರೆ ಈ ಪ್ರೊಸೆಸರ್ ನಡೆಸುವುದು ಥಂಬ್ ಸೂಚನೆಗಳನ್ನು ಮಾತ್ರ, ಮತ್ತು ಕೊನೆಯ ಬಿಟ್ ಒಂದಾಗಿರುವುದೇ ಅದರ ಗುರುತು. ಎರಡೂ ವರ್ಡುಗಳಲ್ಲಿ ಬರೀ ಎಫ್ ಅಕ್ಷರಗಳೇ ತುಂಬಿದ್ದರೆ ಫ್ಲ್ಯಾಶ್‌ನ ಆ ಭಾಗ ಖಾಲಿ ಇದೆ, ಅಥವಾ ಯಾವುದು ಎಲ್ಲಿರಬೇಕೆಂದು ನಿರ್ಧರಿಸುವ ಲಿಂಕರ್ ಸ್ಕ್ರಿಪ್ಟ್ ನಿಮ್ಮ ಕೋಡನ್ನು ಬೇರೆ ವಿಳಾಸದಲ್ಲಿ ಇರಿಸಿದೆ.

ಪಿಸಿ 1ಎಫ್‌ಎಫ್‌ಎಫ್ ಎಂದು ಆರಂಭವಾಗುವ ವಿಳಾಸದಲ್ಲಿ ಕಂಡರೆ ಪ್ರೊಸೆಸರ್ ನಿಮ್ಮ ಕೋಡಿನತ್ತ ತಿರುಗಿಯೂ ನೋಡಿಲ್ಲ. ಚಿಪ್ಪಿನ ಕಾರ್ಖಾನೆಯಲ್ಲೇ ತುಂಬಿಸಿದ ಬೂಟ್‌ಲೋಡರ್ ಓಡುತ್ತಿದೆ. ಬೂಟ್0 ಪಿನ್ ಮೇಲ್ಮಟ್ಟದಲ್ಲಿದ್ದಾಗ ಹೀಗಾಗುತ್ತದೆ. ಒಂದು ಬೋರ್ಡಿನಲ್ಲಿ ಈ ಪಿನ್ನನ್ನು ನೆಲಕ್ಕೆ ಎಳೆಯಬೇಕಾದ ರೆಸಿಸ್ಟರನ್ನು ಹಾಕುವುದೇ ಬಿಟ್ಟುಹೋಗಿತ್ತು. ಆ ಬೋರ್ಡ್ ಒಮ್ಮೆ ಎದ್ದರೆ ಇನ್ನೊಮ್ಮೆ ಏಳುತ್ತಿರಲಿಲ್ಲ. ಚಿಪ್ಪಿನ ಆ ಮೂಲೆಯ ಮೇಲೆ ಬೆರಳಿಟ್ಟು ರೀಸೆಟ್ ಒತ್ತಿದರೆ ಮಾತ್ರ ಏಳುತ್ತಿತ್ತು. ಹತ್ತು ಕಿಲೋಓಮಿನ ಒಂದು ರೆಸಿಸ್ಟರನ್ನು ಬೆಸೆದ ಮೇಲೆ ಸರಿಹೋಯಿತು. ಅಲ್ಲಿಯವರೆಗೆ ನಾವು ಕರ್ನಲ್‌ನ ಆವೃತ್ತಿಯನ್ನು ಎರಡು ಬಾರಿ ಬದಲಿಸಿದ್ದೆವು.

ನಿಮ್ಮದೇ ಬೂಟ್‌ಲೋಡರ್ ಇದ್ದು, ಅದು 08008000ದಂಥ ವಿಳಾಸದಲ್ಲಿರುವ ಅಪ್ಲಿಕೇಷನ್ನಿಗೆ ಜಿಗಿಯುವಂತಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಅಪ್ಲಿಕೇಷನ್ ತನ್ನ ವೆಕ್ಟರ್ ಟೇಬಲ್‌ನ ವಿಳಾಸವನ್ನು ವಿಟಾರ್ ರಿಜಿಸ್ಟರಿಗೆ ಬರೆಯಲೇಬೇಕು. ಅದು ಇರುವುದು ಇ000ಇಡಿ08 ವಿಳಾಸದಲ್ಲಿ. ಇದನ್ನು ಮರೆತರೂ ಮೇನ್ ಫಂಕ್ಷನ್ ಚೆನ್ನಾಗಿಯೇ ನಡೆಯುತ್ತದೆ, ಟಾಸ್ಕುಗಳು ಸೃಷ್ಟಿಯಾಗುತ್ತವೆ, ಎಲ್ಲವೂ ಸರಿಯಿರುವಂತೆ ತೋರುತ್ತದೆ. ಮೊದಲ ಇಂಟರಪ್ಟ್ ಬಂದಾಗ ಅಥವಾ ಟಾಸ್ಕುಗಳ ಸರದಿ ನಿರ್ಧರಿಸುವ ಷೆಡ್ಯೂಲರ್ ಆರಂಭವಾದಾಗ ಮಾತ್ರ ಪ್ರೊಸೆಸರ್ ಬೂಟ್‌ಲೋಡರಿನ ಹ್ಯಾಂಡ್ಲರಿಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೂಟ್‌ಲೋಡರ್ ತಾನು ಚಾಲೂ ಮಾಡಿದ ಸಿಸ್‌ಟಿಕ್ಕನ್ನು ನಿಲ್ಲಿಸದೆ ಜಿಗಿದಿದ್ದರೆ ಈ ಅನಾಹುತ ಇನ್ನೂ ಬೇಗ ಆಗುತ್ತದೆ.

ರೀಸೆಟ್ ಹ್ಯಾಂಡ್ಲರ್ ಮತ್ತು ಮೇನ್ ನಡುವೆ ಉಳಿಯುವುದು ಆರಂಭಿಕ ಬೆಲೆಗಳಿರುವ ಚರಗಳನ್ನು ಫ್ಲ್ಯಾಶಿನಿಂದ ರ‍್ಯಾಮಿಗೆ ನಕಲು ಮಾಡುವುದು, ಉಳಿದವನ್ನು ಸೊನ್ನೆ ಮಾಡುವುದು, ಮತ್ತು ಸಿಸ್ಟಂಇನಿಟ್ ಕರೆ. ಲಿಂಕರ್ ಸ್ಕ್ರಿಪ್ಟನ್ನು ಬೇರೆ ಚಿಪ್ಪಿನಿಂದ ತಂದು ಬಳಸಿದವರು ಒಂದು ವಿಷಯವನ್ನು ಗಮನಿಸಬೇಕು: ಎಫ್407ರ 192 ಕಿಲೋಬೈಟ್ ರ‍್ಯಾಮ್ ಒಂದೇ ತುಂಡಾಗಿಲ್ಲ. 128 ಕಿಲೋಬೈಟ್ 20000000ದಲ್ಲಿದೆ, ಉಳಿದ 64 ಕಿಲೋಬೈಟ್ 10000000ದಲ್ಲಿ ಪ್ರತ್ಯೇಕವಾಗಿದೆ. ಸ್ಕ್ರಿಪ್ಟಿನಲ್ಲಿ ಒಟ್ಟು 192 ಎಂದು ಬರೆದರೆ ಸ್ಟ್ಯಾಕಿನ ತುದಿ ಇಲ್ಲದ ರ‍್ಯಾಮಿಗೆ ಹೋಗಿ, ಮೊದಲ ಪುಷ್ ಸೂಚನೆಯಲ್ಲೇ ಫಾಲ್ಟ್ ಬರುತ್ತದೆ.

ಮೇನ್‌ನಿಂದ ಷೆಡ್ಯೂಲರ್‌ವರೆಗೆ

ಮೇನ್ ಒಳಗೆ ಮೊದಲು ಸಿಗುವ ತೊಡಕು ಕ್ಲಾಕ್. ಪಿಸಿ ಎರರ್‌ಹ್ಯಾಂಡ್ಲರ್ ಫಂಕ್ಷನ್ನಿನ ಸುತ್ತಿನಲ್ಲಿದ್ದು, ಅಲ್ಲಿಗೆ ಕರೆದದ್ದು ಕ್ಲಾಕ್ ಹೊಂದಿಸುವ ಫಂಕ್ಷನ್ ಆಗಿದ್ದರೆ, ಹೊರಗಿನ ಕ್ರಿಸ್ಟಲ್ ಕಂಪಿಸುತ್ತಿಲ್ಲ ಅಥವಾ ಕ್ಲಾಕಿನ ವೇಗ ಹೆಚ್ಚಿಸುವ ಪಿಎಲ್‌ಎಲ್ ಲಾಕ್ ಆಗಿಲ್ಲ ಎಂದರ್ಥ. ಎಸ್‌ಟಿ ಕಂಪನಿಯ ಎಚ್‌ಎಎಲ್ (ಚಿಪ್ಪಿನ ಹಾರ್ಡ್‌ವೇರನ್ನು ನಡೆಸುವ ಲೈಬ್ರರಿ) ಮಾದರಿ ಫೈಲಿನಲ್ಲಿ ಕ್ರಿಸ್ಟಲ್ ಬೆಲೆ 25 ಮೆಗಾಹರ್ಟ್ಸ್ ಎಂದಿರುತ್ತದೆ, ಎಫ್4 ಡಿಸ್ಕವರಿ ಬೋರ್ಡಿನ ಮೇಲಿರುವುದು 8 ಮೆಗಾಹರ್ಟ್ಸ್ ಕ್ರಿಸ್ಟಲ್. ಈ ಹೊಂದಿಕೆ ತಪ್ಪಿದರೆ ಬೋರ್ಡ್ ನಿಲ್ಲದೆ ನಡೆದರೂ ಸೀರಿಯಲ್ ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಸುರಿಯುತ್ತವೆ. 3.3 ವೋಲ್ಟಿನಲ್ಲಿ 168 ಮೆಗಾಹರ್ಟ್ಸ್ ವೇಗಕ್ಕೆ ಹೋಗುವ ಮುನ್ನ ಫ್ಲ್ಯಾಶಿಗೆ 5 ವೇಟ್ ಸ್ಟೇಟ್‌ಗಳನ್ನು (ಓದುವಾಗ ಕಾಯುವ ಕ್ಲಾಕ್ ಚಕ್ರಗಳು) ಕೊಡಬೇಕು. ಕಡಿಮೆ ಕೊಟ್ಟರೆ ಪ್ರೊಸೆಸರ್ ತಪ್ಪು ಸೂಚನೆಗಳನ್ನು ಓದಿ, ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತದೆ. ಬೀಳುವ ಜಾಗ ಪ್ರತಿ ಸಲ ಬದಲಾಗುತ್ತಿದ್ದರೆ ಕೋಡಿಗಿಂತ ಮೊದಲು ಕ್ಲಾಕನ್ನೂ ವಿದ್ಯುತ್ ಸರಬರಾಜನ್ನೂ ಅನುಮಾನಿಸಬೇಕು.

ಇದೇ ಹಂತದಲ್ಲಿ, ಫ್ರೀಆರ್‌ಟಿಒಎಸ್ ಕಲಿಯುವ ಬಹುತೇಕರನ್ನು ಒಮ್ಮೆಯಾದರೂ ಕಾಡುವ ಒಂದು ದೋಷವಿದೆ. ಅದನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕೆಂದಿದ್ದೇನೆ.

ಒಂದು ಪಂಪ್ ನಿಯಂತ್ರಕದ ಬೋರ್ಡಿನಲ್ಲಿ ಎರಡು ಸಾಲಿನ ಎಲ್‌ಸಿಡಿ ಇತ್ತು. ಅದು ತಿಂಗಳುಗಟ್ಟಲೆ ಸರಿಯಾಗಿ ನಡೆದಿತ್ತು. ಒಂದು ದಿನ ನಾನು ಮೇನ್ ಫಂಕ್ಷನ್ನಿನ ಆರಂಭದಲ್ಲಿ, ಎಲ್‌ಸಿಡಿ ಸಿದ್ಧಪಡಿಸುವ ಕರೆಗಿಂತ ಮೇಲೆ, ಒಂದು ಕ್ಯೂ (ಟಾಸ್ಕುಗಳ ನಡುವೆ ಸಂದೇಶ ಸಾಗಿಸುವ ಸರದಿ) ಸೃಷ್ಟಿಸುವ ಸಾಲನ್ನು ಸೇರಿಸಿದೆ. ಮರುಕ್ಷಣದಿಂದ ಪರದೆಯ ಹಿಂಬೆಳಕು ಮಾತ್ರ ಉರಿಯುತ್ತಿತ್ತು, ಮೇಲಿನ ಸಾಲಿನಲ್ಲಿ ಹದಿನಾರು ಕಪ್ಪು ಚೌಕಗಳು ನಿಂತಿರುತ್ತಿದ್ದವು. ಕ್ಯೂಗೂ ಎಲ್‌ಸಿಡಿಗೂ ಏನು ಸಂಬಂಧ ಎಂದುಕೊಂಡು ಎರಡು ದಿನ ಎಲ್‌ಸಿಡಿಯ ತಂತಿಗಳನ್ನೇ ಬದಲಿಸಿದೆ. ಕೊನೆಗೆ ಡೀಬಗರಿನಿಂದ ನಿಲ್ಲಿಸಿ ನೋಡಿದಾಗ ಪಿಸಿ ಎಚ್‌ಎಎಲ್ ಡಿಲೇ ಫಂಕ್ಷನ್ನಿನೊಳಗಿತ್ತು, ಎಷ್ಟು ಸಲ ನಿಲ್ಲಿಸಿದರೂ ಅಲ್ಲೇ ಇತ್ತು. ಟಿಕ್ ಎಣಿಸುವ ಚರ ಕದಲುತ್ತಿರಲಿಲ್ಲ. ಬೇಸ್‌ಪ್ರೈ ರಿಜಿಸ್ಟರಿನಲ್ಲಿ 50 ಎಂದಿತ್ತು.

ಆ 50ರಲ್ಲಿ ಪೂರ್ತಿ ಉತ್ತರವಿತ್ತು. ಫ್ರೀಆರ್‌ಟಿಒಎಸ್‌ನ ಕಾರ್ಟೆಕ್ಸ್-ಎಂ4 ಪೋರ್ಟಿನಲ್ಲಿ ಇಂಟರಪ್ಟ್‌ಗಳನ್ನು ತಡೆದು ನಡೆಸುವ ಕ್ರಿಟಿಕಲ್ ವಿಭಾಗಗಳ ಆಳವನ್ನು ಎಣಿಸುವ ಒಂದು ಚರವಿದೆ. ಅದರ ಆರಂಭಿಕ ಬೆಲೆ ಸೊನ್ನೆಯಲ್ಲ, ಉದ್ದೇಶಪೂರ್ವಕವಾಗಿ ಇಟ್ಟ ಎಎಎಎಎಎಎಎ ಎಂಬ ದೊಡ್ಡ ಸಂಖ್ಯೆ. ಕ್ಯೂ ಅಥವಾ ಟಾಸ್ಕ್ ಸೃಷ್ಟಿಸುವಾಗ ಕರ್ನಲ್ ಕ್ರಿಟಿಕಲ್ ವಿಭಾಗವನ್ನು ಪ್ರವೇಶಿಸಿ ಬೇಸ್‌ಪ್ರೈ ಏರಿಸುತ್ತದೆ, ಹೊರಬರುವಾಗ ಎಣಿಕೆಯನ್ನು ಒಂದು ಇಳಿಸುತ್ತದೆ. ಎಣಿಕೆ ಸೊನ್ನೆಗೆ ಇಳಿಯದ ಕಾರಣ ಬೇಸ್‌ಪ್ರೈ ಏರಿದ ಹಾಗೆಯೇ ಉಳಿಯುತ್ತದೆ. ಷೆಡ್ಯೂಲರ್ ಅರ್ಧಂಬರ್ಧ ಸಿದ್ಧವಾಗಿರುವಾಗ ಇಂಟರಪ್ಟ್‌ಗಳು ಕರ್ನಲ್ ಒಳಗೆ ನುಗ್ಗಬಾರದು ಎಂಬ ಉದ್ದೇಶದಿಂದಲೇ ಹೀಗೆ ಮಾಡಲಾಗಿದೆ. ಆದರೆ ಸಿಸ್‌ಟಿಕ್ ಕೂಡ ಆ ತಡೆಯ ಹಿಂದೆಯೇ ಸಿಕ್ಕಿಕೊಂಡಿತ್ತು, ಹಾಗಾಗಿ ಅದನ್ನು ನಂಬಿದ್ದ ಡಿಲೇ ಎಂದಿಗೂ ಮುಗಿಯಲಿಲ್ಲ. ಪರಿಹಾರ ಸರಳ: ಇಂಟರಪ್ಟ್ ಅಥವಾ ವಿಳಂಬ ಬೇಕಾಗುವ ಹಾರ್ಡ್‌ವೇರ್ ಸಿದ್ಧತೆಯನ್ನೆಲ್ಲ ಕರ್ನಲ್‌ನ ಮೊದಲ ಕರೆಗಿಂತ ಮುಂಚೆ ಮುಗಿಸಬೇಕು, ಇಲ್ಲವೇ ಅದನ್ನು ಮೊದಲ ಟಾಸ್ಕಿನ ಒಳಗೆ ಒಯ್ದು ಅಲ್ಲಿ ಕರ್ನಲ್‌ನ ಸ್ವಂತ ಡಿಲೇ ಬಳಸಬೇಕು. ಎರಡನೆಯ ದಾರಿಯೇ ನನಗೆ ಹೆಚ್ಚು ಒಪ್ಪಿಗೆ. ಮೇನ್‌ನಲ್ಲಿ ಕ್ಲಾಕ್, ಒಂದು ಆರಂಭಿಕ ಟಾಸ್ಕ್, ಷೆಡ್ಯೂಲರ್ ಕರೆ ಇಷ್ಟೇ ಇದ್ದರೆ ಹುಡುಕಬೇಕಾದ ಜಾಗವೂ ಅಷ್ಟಕ್ಕೇ ಸೀಮಿತವಾಗುತ್ತದೆ.

ಇದರ ವಿರುದ್ಧ ದೋಷವೂ ಉಂಟು. ಎಚ್‌ಎಎಲ್ ತನ್ನ ಆರಂಭದಲ್ಲೇ ಸಿಸ್‌ಟಿಕ್ ಚಾಲೂ ಮಾಡುತ್ತದೆ. ಸಿಸ್‌ಟಿಕ್ ಹ್ಯಾಂಡ್ಲರನ್ನು ನೇರವಾಗಿ ಕರ್ನಲ್‌ನ ಟಿಕ್ ಹ್ಯಾಂಡ್ಲರಿಗೆ ಜೋಡಿಸಿದ್ದರೆ, ಒಂದೂ ಟಾಸ್ಕ್ ಇಲ್ಲದ, ಪಟ್ಟಿಗಳಿನ್ನೂ ಸಿದ್ಧವಾಗಿರದ ಕರ್ನಲ್‌ಗೆ ಟಿಕ್‌ಗಳು ಬಂದು ಬೀಳಲಾರಂಭಿಸುತ್ತವೆ. ಆದ್ದರಿಂದ ಎಚ್‌ಎಎಲ್‌ನ ಕಾಲಗಣನೆಯನ್ನು ಟಿಐಎಂ6ರಂಥ ಬೇರೆ ಟೈಮರಿಗೆ ವರ್ಗಾಯಿಸಿ ಸಿಸ್‌ಟಿಕ್ಕನ್ನು ಕರ್ನಲ್‌ಗೇ ಬಿಟ್ಟುಕೊಡುವುದು ಒಳ್ಳೆಯದು.

ಇನ್ನು ಹೀಪ್, ಅಂದರೆ ಕೇಳಿದವರಿಗೆ ಕರ್ನಲ್ ಜಾಗ ಹಂಚಿಕೊಡುವ ಮೆಮೊರಿ. ಪ್ರತಿಯೊಂದು ಟಾಸ್ಕ್ ಸೃಷ್ಟಿಸುವ ಕರೆಯೂ ಒಂದು ಉತ್ತರವನ್ನು ಹಿಂತಿರುಗಿಸುತ್ತದೆ; ಅದನ್ನು ಪರಿಶೀಲಿಸದೆ ಬಿಡುವುದು ನಾವು ಕಾಣುವ ಅತಿ ಸಾಮಾನ್ಯ ಅಲಕ್ಷ್ಯ. ಷೆಡ್ಯೂಲರ್ ಆರಂಭವಾಗುವಾಗ ಐಡಲ್ ಟಾಸ್ಕಿಗೂ, ಸಾಫ್ಟ್‌ವೇರ್ ಟೈಮರುಗಳನ್ನು ಬಳಸುತ್ತಿದ್ದರೆ ಟೈಮರ್ ಟಾಸ್ಕಿಗೂ ಜಾಗ ಬೇಕು. ಹೀಪಿನಲ್ಲಿ ಜಾಗ ಸಾಲದಿದ್ದರೆ, ಎಂದೂ ಹಿಂತಿರುಗಬಾರದ ವಿಟಾಸ್ಕ್‌ಸ್ಟಾರ್ಟ್‌ಷೆಡ್ಯೂಲರ್ ಫಂಕ್ಷನ್ ಹಿಂತಿರುಗುತ್ತದೆ, ಪ್ರೊಸೆಸರ್ ಮೇನ್‌ನ ಕೊನೆಯ ಸುತ್ತಿನಲ್ಲಿ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಆ ಸುತ್ತಿನ ಮೇಲೊಂದು ಬ್ರೇಕ್‌ಪಾಯಿಂಟ್ ಇಟ್ಟರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಮ್ಯಾಲಕ್, ಅಂದರೆ ಹೀಪಿನಿಂದ ಜಾಗ ಕೇಳುವ ಕರೆ, ವಿಫಲವಾದಾಗ ಕರೆಯಲಾಗುವ ಹುಕ್ ಫಂಕ್ಷನ್ನನ್ನು ಕಾನ್ಫಿಗ್ ಫೈಲಿನಲ್ಲಿ ಚಾಲೂ ಮಾಡಿಟ್ಟರೆ ಇನ್ನೂ ಬೇಗ ತಿಳಿಯುತ್ತದೆ.

ಹೀಪಿನ ಲೆಕ್ಕ ಹಾಕುವಾಗ ಸ್ಟ್ಯಾಕಿನ ಅಳತೆ ಬೈಟುಗಳಲ್ಲಿಲ್ಲ, ವರ್ಡುಗಳಲ್ಲಿದೆ ಎಂಬುದನ್ನು ನೆನಪಿಡಬೇಕು. ಟಾಸ್ಕ್ ಸೃಷ್ಟಿಸುವಾಗ 1024 ಎಂದು ಬರೆದರೆ ಈ ಚಿಪ್ಪಿನಲ್ಲಿ 4096 ಬೈಟುಗಳು ಖರ್ಚಾಗುತ್ತವೆ. ಅಂಥ ಐದು ಟಾಸ್ಕುಗಳಿಗೆ 20 ಕಿಲೋಬೈಟ್ ಬೇಕು, ಪ್ರತಿ ಟಾಸ್ಕಿನ ನಿಯಂತ್ರಣ ಬ್ಲಾಕಿನ ಲೆಕ್ಕ ಬೇರೆ. ಹೀಪಿಗೆ 15 ಕಿಲೋಬೈಟ್ ಎಂದು ಬರೆದಿಟ್ಟವರಿಗೆ ಮೊದಲ ಮೂರು ಟಾಸ್ಕುಗಳು ಸಿಗುತ್ತವೆ, ಉಳಿದವು ಸಿಗುವುದಿಲ್ಲ.

ಮೊದಲ ಟಾಸ್ಕಿಗೆ ಜಿಗಿಯುವ ಕ್ಷಣ

ಷೆಡ್ಯೂಲರ್ ಮೊದಲ ಟಾಸ್ಕನ್ನು ಆರಂಭಿಸುವ ರೀತಿಯನ್ನು ತಿಳಿದುಕೊಂಡರೆ ಈ ಹಂತದ ಅರ್ಧ ಸಮಸ್ಯೆಗಳು ತಾವಾಗಿಯೇ ಅರ್ಥವಾಗುತ್ತವೆ. ಅದು ವಿಟಾರ್ ರಿಜಿಸ್ಟರಿನಿಂದ ವೆಕ್ಟರ್ ಟೇಬಲ್‌ನ ವಿಳಾಸವನ್ನು ಓದುತ್ತದೆ, ಅಲ್ಲಿನ ಮೊದಲ ವರ್ಡನ್ನು ಎಂಎಸ್‌ಪಿಗೆ ಮತ್ತೆ ತುಂಬುತ್ತದೆ, ಇಂಟರಪ್ಟ್‌ಗಳನ್ನು ತೆರೆಯುತ್ತದೆ, ನಂತರ ಎಸ್‌ವಿಸಿ ಸೂಚನೆಯನ್ನು ನಡೆಸುತ್ತದೆ. ಎಸ್‌ವಿಸಿ ಹ್ಯಾಂಡ್ಲರ್ ಮೊದಲ ಟಾಸ್ಕಿನ ಸ್ಟ್ಯಾಕಿನಿಂದ ರಿಜಿಸ್ಟರುಗಳನ್ನು ತುಂಬಿ, ಬೇಸ್‌ಪ್ರೈಯನ್ನು ಸೊನ್ನೆ ಮಾಡಿ, ಟಾಸ್ಕಿನೊಳಕ್ಕೆ ಇಳಿಯುತ್ತದೆ.

ಆದ್ದರಿಂದ ಎಸ್‌ವಿಸಿ, ಪೆಂಡ್‌ಎಸ್‌ವಿ, ಸಿಸ್‌ಟಿಕ್ ಎಂಬ ಮೂರು ಹ್ಯಾಂಡ್ಲರುಗಳು ಕರ್ನಲ್‌ನ ಫಂಕ್ಷನ್ನುಗಳಿಗೇ ಜೋಡಣೆಯಾಗಿರಬೇಕು. ಸ್ಟಾರ್ಟ್‌ಅಪ್ ಫೈಲಿನಲ್ಲಿ ಈ ಹೆಸರುಗಳಿಗೆ ವೀಕ್ ಎಂಬ ದುರ್ಬಲ ವ್ಯಾಖ್ಯೆಗಳಿರುತ್ತವೆ, ಅವೆಲ್ಲವೂ ಡೀಫಾಲ್ಟ್ ಹ್ಯಾಂಡ್ಲರಿನ ಅನಂತ ಸುತ್ತಿಗೆ ಹೋಗುತ್ತವೆ. ಕಾನ್ಫಿಗ್ ಫೈಲಿನಲ್ಲಿ ಮೂರು ಡಿಫೈನ್ ಸಾಲುಗಳು ಬಿಟ್ಟುಹೋಗಿದ್ದರೂ ಲಿಂಕರ್ ತಕರಾರು ಮಾಡದಿರಲು ಇದೇ ಕಾರಣ. ನಿಲ್ಲಿಸಿದಾಗ ಪಿಸಿ ಡೀಫಾಲ್ಟ್ ಹ್ಯಾಂಡ್ಲರಿನಲ್ಲಿದ್ದು ಎಕ್ಸ್‌ಪಿಎಸ್‌ಆರ್‌ನ ಕೊನೆಯ ಬಿಟ್‌ಗಳು 11 ಎಂದು ತೋರಿಸಿದರೆ ಬೇರೇನನ್ನೂ ಹುಡುಕಬೇಕಾಗಿಲ್ಲ, ಆ ಡಿಫೈನ್ ಸಾಲುಗಳನ್ನು ಸರಿಪಡಿಸಿದರೆ ಸಾಕು. ಕರ್ನಲ್‌ನ ಈಚಿನ ಆವೃತ್ತಿಗಳು ಈ ಜೋಡಣೆಯನ್ನು ತಾವೇ ಪರೀಕ್ಷಿಸಿ ಅಸರ್ಟ್ (ಷರತ್ತು ತಪ್ಪಿದರೆ ಅಲ್ಲೇ ನಿಲ್ಲಿಸುವ ಪರೀಕ್ಷೆ) ಮೂಲಕ ತಿಳಿಸುತ್ತವೆ.

ಅಸರ್ಟಿನ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಕಾನ್ಫಿಗ್‌ಅಸರ್ಟ್ ಇಲ್ಲದೆ ಫ್ರೀಆರ್‌ಟಿಒಎಸ್ ಬಳಸುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದರೊಳಗೆ ಇಂಟರಪ್ಟ್‌ಗಳನ್ನು ಮುಚ್ಚಿ, ಫೈಲಿನ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ವೊಲಟೈಲ್ ಚರಗಳಲ್ಲಿ ಇರಿಸಿ, ಅನಂತ ಸುತ್ತಿನಲ್ಲಿ ನಿಲ್ಲುವಂತೆ ಬರೆದುಕೊಂಡರೆ, ಬೂಟ್ ಹಂತದ ಎಷ್ಟೋ ತಪ್ಪುಗಳು ತಮ್ಮ ವಿಳಾಸವನ್ನು ತಾವೇ ಕೊಡುತ್ತವೆ. ಜತೆಗೆ ಸ್ಟ್ಯಾಕ್ ತುಂಬಿ ಹರಿಯುವುದನ್ನು ಪರೀಕ್ಷಿಸುವ ಆಯ್ಕೆಯನ್ನು 2 ಎಂದು ಇಡಬೇಕು. ಆಗ ಕರ್ನಲ್ ಪ್ರತಿ ಸ್ಟ್ಯಾಕಿನ ಅಂಚಿನಲ್ಲಿ ತಾನು ತುಂಬಿಟ್ಟ ಎ5 ಎಂಬ ಬೈಟುಗಳು ಅಳಿಸಿವೆಯೇ ಎಂದು ಟಾಸ್ಕ್ ಬದಲಾಗುವಾಗಲೆಲ್ಲ ನೋಡುತ್ತದೆ. ಟಾಸ್ಕಿನೊಳಗೆ ಪ್ರಿಂಟ್‌ಎಫ್ ಕರೆಯುವವರಿಗೆ ಈ ಪರೀಕ್ಷೆ ಬೇಕೇ ಬೇಕು, ಏಕೆಂದರೆ 128 ವರ್ಡುಗಳ ಕನಿಷ್ಠ ಸ್ಟ್ಯಾಕಿನಲ್ಲಿ ಪ್ರಿಂಟ್‌ಎಫ್ ಹಿಡಿಸುವುದೇ ಕಷ್ಟ.

ಮೊದಲ ಟಾಸ್ಕ್ ಫಂಕ್ಷನ್ ಮುಗಿದು ಹಿಂತಿರುಗಿದರೂ ವ್ಯವಸ್ಥೆ ನಿಲ್ಲುತ್ತದೆ. ಫ್ರೀಆರ್‌ಟಿಒಎಸ್‌ನಲ್ಲಿ ಟಾಸ್ಕ್ ಎಂದೂ ಹಿಂತಿರುಗುವಂತಿಲ್ಲ; ಕೆಲಸ ಮುಗಿದರೆ ತನ್ನನ್ನು ತಾನೇ ಅಳಿಸಿಕೊಳ್ಳಬೇಕು. ಪಿಸಿ ಟಾಸ್ಕ್‌ಎಕ್ಸಿಟ್‌ಎರರ್ ಎಂಬ ಹೆಸರಿನ ಫಂಕ್ಷನ್ನಿನಲ್ಲಿ ಕಂಡರೆ ಆಗಿರುವುದು ಇದೇ.

ಹಾರ್ಡ್‌ಫಾಲ್ಟನ್ನು ಓದುವುದು

ಹಾರ್ಡ್‌ಫಾಲ್ಟ್ ಎಂದರೆ ಅನೇಕರು ಅಲ್ಲಿಗೇ ಕೈಚೆಲ್ಲಿ ಊಹೆಗೆ ಇಳಿಯುತ್ತಾರೆ. ವಾಸ್ತವದಲ್ಲಿ ಪ್ರೊಸೆಸರ್ ಬಹಳಷ್ಟು ವಿವರವನ್ನು ಉಳಿಸಿಟ್ಟಿರುತ್ತದೆ. ಫಾಲ್ಟ್ ಹ್ಯಾಂಡ್ಲರಿನ ಮೊದಲ ಸೂಚನೆಯಲ್ಲೇ ನಿಲ್ಲಿಸಿ ಎಲ್‌ಆರ್ ನೋಡಬೇಕು. ಅದರ ಎರಡನೆಯ ಬಿಟ್, ಅಂದರೆ ಸೊನ್ನೆಯಿಂದ ಎಣಿಸಿದರೆ 2ನೆಯದು, ಒಂದಾಗಿದ್ದರೆ ಫಾಲ್ಟ್ ಟಾಸ್ಕಿನೊಳಗೆ ಆಗಿದೆ, ವಿವರ ಪಿಎಸ್‌ಪಿಯಲ್ಲಿದೆ. ಸೊನ್ನೆಯಾಗಿದ್ದರೆ ಮೇನ್ ಅಥವಾ ಇಂಟರಪ್ಟ್ ಒಳಗೆ ಆಗಿದೆ, ವಿವರ ಎಂಎಸ್‌ಪಿಯಲ್ಲಿದೆ. ಎಲ್‌ಆರ್‌ನ ಕೊನೆಯ ಅಂಕಿ ಡಿ ಆಗಿದ್ದರೆ ಟಾಸ್ಕ್, 9 ಅಥವಾ 1 ಆಗಿದ್ದರೆ ಅಲ್ಲ ಎಂದು ನೆನಪಿಟ್ಟುಕೊಳ್ಳುವುದು ಸುಲಭ. ಆ ಪಾಯಿಂಟರ್ ತೋರಿಸುವ ಜಾಗದಿಂದ ಎಂಟು ವರ್ಡುಗಳನ್ನು ಓದಿ. ಅವು ಕ್ರಮವಾಗಿ ಆರ್0, ಆರ್1, ಆರ್2, ಆರ್3, ಆರ್12, ಎಲ್‌ಆರ್, ಪಿಸಿ ಮತ್ತು ಎಕ್ಸ್‌ಪಿಎಸ್‌ಆರ್. ಏಳನೆಯ ವರ್ಡಿನಲ್ಲಿರುವ ಪಿಸಿಯೇ ತಪ್ಪು ನಡೆದ ಜಾಗ, ಆರನೆಯದು ಅಲ್ಲಿಗೆ ಯಾರು ಕರೆದರೆಂಬ ಸುಳಿವು.

ತಪ್ಪು ಯಾವ ಬಗೆಯದು ಎಂಬುದನ್ನು ಇ000ಇಡಿ28ರಲ್ಲಿರುವ ಸಿಎಫ್‌ಎಸ್‌ಆರ್ ಹೇಳುತ್ತದೆ. ಅದು 00020000 ಆಗಿದ್ದರೆ ಸಮ ವಿಳಾಸಕ್ಕೆ ಜಿಗಿಯಲಾಗಿದೆ. ಹೆಚ್ಚಾಗಿ ಬೆಲೆಯಿಲ್ಲದ ಫಂಕ್ಷನ್ ಪಾಯಿಂಟರಿನಿಂದ ಹೀಗಾಗುತ್ತದೆ. 00080000 ಆಗಿದ್ದರೆ ಫ್ಲೋಟಿಂಗ್ ಪಾಯಿಂಟ್ ಘಟಕವನ್ನು ಚಾಲೂ ಮಾಡದೆ ದಶಾಂಶ ಲೆಕ್ಕ ಮಾಡಲಾಗಿದೆ. ಸ್ವಂತವಾಗಿ ಸ್ಟಾರ್ಟ್‌ಅಪ್ ಕೋಡ್ ಬರೆದುಕೊಂಡು ಸಿಸ್ಟಂಇನಿಟ್ ಕರೆಯನ್ನು ಬಿಟ್ಟವರಲ್ಲಿ ಇದು ಕಾಣುತ್ತದೆ. 00008200 ಆಗಿದ್ದರೆ ಇಲ್ಲದ ವಿಳಾಸವನ್ನು ಮುಟ್ಟಲಾಗಿದೆ, ಆ ವಿಳಾಸ ಇ000ಇಡಿ38ರಲ್ಲಿ ಸಿಗುತ್ತದೆ. 00000400 ಆಗಿದ್ದರೆ ಮಾತ್ರ ಎಚ್ಚರ ಬೇಕು: ಬರಹವೊಂದು ಬಫರಿನಲ್ಲಿ ಕಾಯುತ್ತಿದ್ದು ತಡವಾಗಿ ವಿಫಲವಾಗಿದೆ, ಆದ್ದರಿಂದ ಸ್ಟ್ಯಾಕಿನಲ್ಲಿ ಕಂಡ ಪಿಸಿ ತಪ್ಪಿತಸ್ಥ ಸಾಲಿಗಿಂತ ಮುಂದೆ ಹೋಗಿರುತ್ತದೆ. ಇ000ಇ008 ವಿಳಾಸದ ರಿಜಿಸ್ಟರಿನಲ್ಲಿ 1ನೆಯ ಬಿಟ್ಟನ್ನು ಒಂದು ಮಾಡಿ ಬರಹದ ಬಫರನ್ನು ತಾತ್ಕಾಲಿಕವಾಗಿ ಮುಚ್ಚಿ, ಮತ್ತೆ ಓಡಿಸಿದರೆ ನಿಜವಾದ ಸಾಲು ಸಿಗುತ್ತದೆ. ವೇಗ ತಗ್ಗುವುದರಿಂದ ಹುಡುಕಾಟ ಮುಗಿದ ಮೇಲೆ ಅದನ್ನು ಹಿಂದಿನಂತೆ ಮಾಡಿ.

ಮೊದಲ ಇಂಟರಪ್ಟಿನಲ್ಲಿ ಬೀಳುವ ವ್ಯವಸ್ಥೆ

ಷೆಡ್ಯೂಲರ್ ಆರಂಭವಾಗಿ, ಒಂದು ಟಾಸ್ಕ್ ಓಡಿ, ಸೀರಿಯಲ್‌ನಲ್ಲಿ ಮೊದಲ ಅಕ್ಷರ ಬಂದೊಡನೆ ವ್ಯವಸ್ಥೆ ನಿಂತರೆ ಆದ್ಯತೆಗಳನ್ನು ನೋಡಬೇಕು. ಈ ಚಿಪ್ಪಿನಲ್ಲಿ ಇಂಟರಪ್ಟ್‌ಗಳಿಗೆ 0ರಿಂದ 15ರವರೆಗೆ ಹದಿನಾರು ಮಟ್ಟಗಳಿವೆ, ಮತ್ತು ಸಂಖ್ಯೆ ಚಿಕ್ಕದಾದಷ್ಟೂ ತುರ್ತು ಹೆಚ್ಚು. ಕರ್ನಲ್‌ನ ಮಿತಿಯನ್ನು 5 ಎಂದು ಇಟ್ಟಿದ್ದರೆ, 5ರಿಂದ 15ರ ನಡುವಿನ ಇಂಟರಪ್ಟ್‌ಗಳು ಮಾತ್ರ ಕರ್ನಲ್ ಫಂಕ್ಷನ್ನುಗಳನ್ನು ಕರೆಯಬಹುದು, ಅದೂ ಫ್ರಮ್‌ಐಎಸ್‌ಆರ್ ಎಂದು ಕೊನೆಯಾಗುವವನ್ನು ಮಾತ್ರ. ನಾವು ಏನನ್ನೂ ಹೇಳದಿದ್ದರೆ ಇಂಟರಪ್ಟಿನ ಆದ್ಯತೆ 0 ಆಗಿರುತ್ತದೆ, ಅಂದರೆ ಮಿತಿಯನ್ನು ಮೀರಿದ ಅತಿ ಹೆಚ್ಚಿನ ತುರ್ತು. ಅಸರ್ಟ್ ಇದ್ದರೆ ವ್ಯವಸ್ಥೆ ಅಲ್ಲೇ ನಿಂತು ತಪ್ಪನ್ನು ತೋರಿಸುತ್ತದೆ. ಅಸರ್ಟ್ ಇಲ್ಲದಿದ್ದರೆ ಕರ್ನಲ್‌ನ ಪಟ್ಟಿಗಳು ಮಧ್ಯದಲ್ಲಿ ಹರಿದು, ಸಂಬಂಧವೇ ಇಲ್ಲದ ಜಾಗದಲ್ಲಿ ಫಾಲ್ಟ್ ಬರುತ್ತದೆ. ಮೇಲೆ ಹೇಳಿದ ಬೇಸ್‌ಪ್ರೈನ 50 ಕೂಡ ಇದೇ 5. ಮೇಲಿನ ನಾಲ್ಕು ಬಿಟ್‌ಗಳು ಮಾತ್ರ ಬಳಕೆಯಲ್ಲಿರುವುದರಿಂದ ಅದು ಎಡಕ್ಕೆ ಸರಿದು ಹಾಗೆ ಕಾಣುತ್ತದೆ.

ಮತ್ತೆ ಮತ್ತೆ ರೀಸೆಟ್ ಆಗುವ ಬೋರ್ಡ್, ಡೀಬಗರ್ ಇದ್ದಾಗ ಮಾತ್ರ ನಡೆಯುವ ಬೋರ್ಡ್

ಬೋರ್ಡ್ ನಿಲ್ಲದೆ ಮೊದಲಿನಿಂದ ಮತ್ತೆ ಮತ್ತೆ ಶುರುವಾಗುತ್ತಿದ್ದರೆ ರೀಸೆಟ್ ಮತ್ತು ಕ್ಲಾಕ್ ನೋಡಿಕೊಳ್ಳುವ ಆರ್‌ಸಿಸಿ ಘಟಕದ ಸಿಎಸ್‌ಆರ್ ರಿಜಿಸ್ಟರನ್ನು ಮೇನ್‌ನ ಮೊದಲ ಸಾಲಿನಲ್ಲೇ ಒಂದು ಚರಕ್ಕೆ ನಕಲು ಮಾಡಿಕೊಳ್ಳಿ. ರೀಸೆಟ್‌ಗೆ ಕಾರಣ ವಾಚ್‌ಡಾಗೋ (ಗಡುವಿನೊಳಗೆ ಕೋಡ್ ಸುಳಿವು ಕೊಡದಿದ್ದರೆ ರೀಸೆಟ್ ಮಾಡುವ ಟೈಮರ್), ವಿದ್ಯುತ್ ಕುಸಿತವೋ, ಸಾಫ್ಟ್‌ವೇರೋ, ಹೊರಗಿನ ಪಿನ್ನೋ ಎಂಬುದನ್ನು ಅದರ ಮೇಲಿನ ಬಿಟ್‌ಗಳು ಹೇಳುತ್ತವೆ. ಈ ಗುರುತುಗಳು ತಾವಾಗಿ ಅಳಿಸಿಹೋಗುವುದಿಲ್ಲ. ಓದಿದ ಮೇಲೆ ಆರ್‌ಎಂವಿಎಫ್ ಬಿಟ್ ಬರೆದು ಅಳಿಸದಿದ್ದರೆ ಹಳೆಯ ಕಾರಣವನ್ನೇ ಹೊಸದೆಂದು ತಿಳಿಯುವ ಅಪಾಯವಿದೆ. ಸ್ವತಂತ್ರ ವಾಚ್‌ಡಾಗ್ ನಡೆಯುವುದು ಚಿಪ್ಪಿನೊಳಗಿನ ನಿಧಾನ ಕ್ಲಾಕಿನಿಂದ. ಅದನ್ನು 32 ಕಿಲೋಹರ್ಟ್ಸ್ ಎಂದು ಕರೆದರೂ ದತ್ತಾಂಶ ಪತ್ರದ ಪ್ರಕಾರ ಅದು 17ರಿಂದ 47ರವರೆಗೆ ಎಲ್ಲಿಯಾದರೂ ಇರಬಹುದು. ಒಂದು ಸೆಕೆಂಡ್ ಎಂದು ಲೆಕ್ಕ ಹಾಕಿದ ಗಡುವು ಕೆಲವು ಚಿಪ್ಪುಗಳಲ್ಲಿ ಮುಕ್ಕಾಲು ಸೆಕೆಂಡಿಗಿಂತ ಮೊದಲೇ ಮುಗಿಯುತ್ತದೆ, ಅಷ್ಟರಲ್ಲಿ ನಿಮ್ಮ ಎಸ್‌ಡಿ ಕಾರ್ಡ್ ಸಿದ್ಧವಾಗಿರುವುದಿಲ್ಲ. ಹತ್ತು ಬೋರ್ಡುಗಳಲ್ಲಿ ಒಂದು ಮಾತ್ರ ಬೂಟ್ ಆಗುವುದಿಲ್ಲ ಎಂಬ ದೂರಿಗೆ ಇದು ಕಾರಣವಾಗಿರಬಹುದು.

ಡೀಬಗರ್ ಜೋಡಿಸಿದಾಗ ನಡೆದು, ಕಿತ್ತಾಗ ನಡೆಯದ ಬೋರ್ಡಿನಲ್ಲಿ ಮೊದಲು ಡೀಬಗರ್ ಮೂಲಕ ಕಂಪ್ಯೂಟರಿನಲ್ಲಿ ಅಕ್ಷರ ಮೂಡಿಸುವ ಸೆಮಿಹೋಸ್ಟಿಂಗ್ ಲೈಬ್ರರಿ ಲಿಂಕ್ ಆಗಿದೆಯೇ ಎಂದು ನೋಡಿ. ಅದು ಪ್ರತಿ ಪ್ರಿಂಟ್‌ಎಫ್‌ಗೂ ಬ್ರೇಕ್‌ಪಾಯಿಂಟ್ ಸೂಚನೆಯನ್ನು ನಡೆಸುತ್ತದೆ. ಉತ್ತರಿಸಲು ಡೀಬಗರ್ ಇಲ್ಲದಿದ್ದರೆ ಅದೇ ಹಾರ್ಡ್‌ಫಾಲ್ಟ್ ಆಗುತ್ತದೆ. ನಂತರ ಬೂಟ್0 ಪಿನ್, ಆಮೇಲೆ ವಿದ್ಯುತ್: ಡೀಬಗರ್ ಜೋಡಿಸುವ ಹೊತ್ತಿಗೆ 3.3 ವೋಲ್ಟ್ ಸ್ಥಿರವಾಗಿರುತ್ತದೆ, ತಣ್ಣಗಿನ ಆರಂಭದಲ್ಲಿ ಅದು ಇನ್ನೂ ಏರುತ್ತಿರುತ್ತದೆ, ಚಿಪ್ ಎದ್ದರೂ ಪಕ್ಕದ ಸೆನ್ಸರ್ ಎದ್ದಿರುವುದಿಲ್ಲ.

ಡೀಬಗರ್ ಜೋಡಿಸಲಾಗದ ಇಂಥ ಸಂದರ್ಭಗಳಿಗಾಗಿ ಹೆಜ್ಜೆ ಗುರುತುಗಳನ್ನು ಬಿಡಬೇಕು. ಎಫ್407ರಲ್ಲಿ 32 ಬಿಟ್‌ಗಳ ಇಪ್ಪತ್ತು ಬ್ಯಾಕಪ್ ರಿಜಿಸ್ಟರುಗಳಿವೆ, ವಾಚ್‌ಡಾಗ್ ರೀಸೆಟ್ ಆದರೂ ಅವು ಅಳಿಯುವುದಿಲ್ಲ. ಕ್ಲಾಕ್ ಸಿದ್ಧವಾದಾಗ 1, ಟಾಸ್ಕುಗಳು ಸೃಷ್ಟಿಯಾದಾಗ 2, ಮೊದಲ ಟಾಸ್ಕಿನ ಬಾಗಿಲಲ್ಲಿ 3, ಪ್ರತಿ ಪೆರಿಫೆರಲ್ ಸಿದ್ಧವಾದಂತೆ ಮುಂದಿನ ಸಂಖ್ಯೆ ಎಂದು ಒಂದು ರಿಜಿಸ್ಟರಿಗೆ ಬರೆಯುತ್ತ ಹೋದರೆ, ಮುಂದಿನ ಆರಂಭದಲ್ಲಿ ಹಿಂದಿನ ಬೂಟ್ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಓದಬಹುದು. ಬರೆಯುವ ಮುನ್ನ ವಿದ್ಯುತ್ ನಿಯಂತ್ರಿಸುವ ಪಿಡಬ್ಲ್ಯೂಆರ್ ಘಟಕದ ಕ್ಲಾಕನ್ನೂ ಬ್ಯಾಕಪ್ ರಿಜಿಸ್ಟರುಗಳಿಗೆ ಬರೆಯಲು ಬಿಡುವ ಡಿಬಿಪಿ ಬಿಟ್ಟನ್ನೂ ಚಾಲೂ ಮಾಡಿರಬೇಕು, ಇಲ್ಲದಿದ್ದರೆ ಬರಹ ಸದ್ದಿಲ್ಲದೆ ವ್ಯರ್ಥವಾಗುತ್ತದೆ. ವಿದ್ಯುತ್ ಪೂರ್ತಿ ಹೋದರೂ ಗುರುತು ಉಳಿಯಬೇಕಾದರೆ ವಿಬ್ಯಾಟ್ ಪಿನ್ನಿಗೆ ಬ್ಯಾಟರಿ ಬೇಕು.

ದುರಸ್ತಿಯಾದ ಮೇಲಿನ ಪರೀಕ್ಷೆ

ದೋಷ ಸಿಕ್ಕಿ ಸರಿಪಡಿಸಿದ ನಂತರ ಡೀಬಗರನ್ನು ಕಿತ್ತು, ರಿಲೇ ಒಂದರ ಮೂಲಕ ಬೋರ್ಡಿನ ವಿದ್ಯುತ್ತನ್ನು ಕನಿಷ್ಠ ನೂರು ಸಲ ಕಡಿದು ಕೊಡಬೇಕು. ಪ್ರತಿ ಸಲವೂ ಕೆಪಾಸಿಟರುಗಳು ಖಾಲಿಯಾಗುವಷ್ಟು ಹೊತ್ತು, ಹತ್ತು ಸೆಕೆಂಡಾದರೂ ಬಿಡಬೇಕು. ರೀಸೆಟ್ ಗುಂಡಿ ಒತ್ತುವುದು ಇದಕ್ಕೆ ಸಾಟಿಯಲ್ಲ, ಏಕೆಂದರೆ ಅದರಿಂದ ರ‍್ಯಾಮಿನ ಹಳೆಯ ಬೆಲೆಗಳು ಅಳಿಯುವುದಿಲ್ಲ, ಹೊರಗಿನ ಸೆನ್ಸರುಗಳ ವಿದ್ಯುತ್ತೂ ಹೋಗುವುದಿಲ್ಲ. ನೂರು ಸಲವೂ ಬೋರ್ಡ್ ಎದ್ದಿತೆಂದುಕೊಳ್ಳಿ. ಆಮೇಲೂ ಎರಡು ಮೂರು ಸೆಕೆಂಡ್ ಸರಿಯಾಗಿ ನಡೆದು ಟಾಸ್ಕೊಂದರ ಸೆಟ್ಟಿಂಗ್‌ಗಳು ತಾವಾಗಿ ಬದಲಾಗುತ್ತಿದ್ದರೆ, ಮೇನ್ ಒಳಗಿನ ಸ್ಥಳೀಯ ಚರದ ವಿಳಾಸವನ್ನು ಆ ಟಾಸ್ಕಿಗೆ ಕೊಟ್ಟಿದ್ದೀರಾ ಎಂದು ನೋಡಿ. ಷೆಡ್ಯೂಲರ್ ಆರಂಭವಾಗುವಾಗ ಎಂಎಸ್‌ಪಿಯನ್ನು ಮತ್ತೆ ತುದಿಗೆ ಒಯ್ಯುತ್ತದೆ ಎಂದು ಮೇಲೆ ಹೇಳಿದೆನಲ್ಲವೇ; ಆ ಕ್ಷಣದಿಂದ ಮೇನ್‌ನ ಸ್ಥಳೀಯ ಚರಗಳಿದ್ದ ಜಾಗದ ಮೇಲೆಯೇ ಪ್ರತಿಯೊಂದು ಇಂಟರಪ್ಟೂ ತನ್ನ ಸ್ಟ್ಯಾಕನ್ನು ಬರೆಯುತ್ತದೆ. ಆ ಚರಕ್ಕೆ ಸ್ಟ್ಯಾಟಿಕ್ ಎಂಬ ಪದವನ್ನು ಸೇರಿಸಿ, ನೂರು ಸಲದ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ನಡೆಸಬೇಕು.